ಹನ್ನೊಂದು ಮನೆಯ ಹಾಸಿಗೆ, ಒಂದು ಹಳೆಯ ಡ್ರೈಯರ್

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಹಿಂಬದಿಯ ಕೋಣೆಯಲ್ಲಿ ಬೀದಿಯವರೆಲ್ಲ ‘ಬಟ್ಟೆ ಅಕ್ಕ’ ಎಂದು ಕರೆಯುವ ಹೆಂಗಸು ಮೊಣಕಾಲೂರಿ ಕೂತಿದ್ದಾರೆ. ಪಕ್ಕದ ಟಬ್ಬಿನಲ್ಲಿ ಹಿಂಡಿಟ್ಟ ಬೆಡ್‌ಶೀಟ್‌ಗಳ ರಾಶಿ. ಒಂದೊಂದನ್ನೇ ಎತ್ತಿ, ಕೊಡವಿ, ಸುಕ್ಕು ಬಿಡಿಸಿ, ಎದುರಿನ ಡ್ರೈಯರಿನ ದುಂಡು ಬಾಗಿಲೊಳಗೆ ಇಳಿಬಿಡುತ್ತಾರೆ. ಕೆಲಸವೆಲ್ಲ ಎಡಗೈಯದು. ಬಲಗೈ ಬರಿಯ ಆಸರೆಗೆ.

"ಐದೇ. ಆರನೇದು ಹಾಕಿದ್ರೆ ಮುನಿಸ್ಕೊಳ್ಳುತ್ತೆ ಇದು," ಎನ್ನುತ್ತ ಬಾಗಿಲು ಮುಚ್ಚಿ, ಗಟ್ಟಿ ಗುಂಡಿಯೊಂದನ್ನು ನಲವತ್ತೈದರವರೆಗೆ ತಿರುಗಿಸುತ್ತಾರೆ. ಗುಂಡಿ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನತೊಡಗುತ್ತದೆ. ಡ್ರಮ್ಮು ಒಮ್ಮೆ ನರಳಿ, ಮೈಮುರಿದು, ಮೆಲ್ಲಗೆ ತಿರುಗುತ್ತದೆ. ಅಕ್ಕ ಸ್ಟೂಲೆಳೆದುಕೊಂಡು ಗಾಜಿನ ಮುಂದೆ ಕೂರುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಅವರು ಕೂತು ಕಳೆಯುವ ಹೊತ್ತೆಂದರೆ ಇದೊಂದೇ.

"ಶುರುವಾಯ್ತು ನೋಡಿ ಸಿನಿಮಾ," ಎಂದು ಒಳಗಿನಿಂದ ಅವರ ಯಜಮಾನರು ಕೂಗುತ್ತಾರೆ. "ದಿನಾ ಅದೇ ಕಥೆ, ಅದೇ ಬೆಡ್‌ಶೀಟು. ಬೇಜಾರೂ ಆಗಲ್ಲ ಇವಳಿಗೆ."

"ನಿಮ್ಮ ಮುಖ ನೋಡೋದಕ್ಕಿಂತ ವಾಸಿ ಬಿಡಿ," ಅಕ್ಕ ತಿರುಗಿಯೂ ನೋಡದೆ ಹೇಳುತ್ತಾರೆ.

ಅಕ್ಕ ಒಗೆಯುವುದು ಎಲ್ಲರ ಬಟ್ಟೆಯನ್ನಲ್ಲ. ಸುತ್ತಮುತ್ತಲ ಬೀದಿಗಳ ಹನ್ನೊಂದು ಮನೆಗಳಲ್ಲಿ ಹಾಸಿಗೆ ಹಿಡಿದವರಿದ್ದಾರೆ. ಅವರ ಕೆಳಗೆ ಹಾಸಿದ್ದು, ಮೇಲೆ ಹೊದಿಸಿದ್ದು, ನಡುವೆ ಸುತ್ತಿದ್ದು, ಇವಷ್ಟೇ ಅಕ್ಕನ ಪಾಲು. ಬೇರೆ ಲಾಂಡ್ರಿಯವರು ಮೂಟೆ ಬಿಚ್ಚಿದ ಕೂಡಲೇ ಮೂಗು ಮುಚ್ಚಿಕೊಂಡು ವಾಪಸು ಕಳಿಸುವ ಬಟ್ಟೆ ಇದು. ದಿನಕ್ಕೆ ಸುಮಾರು ಇಪ್ಪತ್ತು ಬೆಡ್‌ಶೀಟು, ಮೂವತ್ತೈದು ನಲವತ್ತು ತುಂಡುಬಟ್ಟೆ. ಹತ್ತೊಂಬತ್ತು ವರ್ಷದಿಂದ ಇದೇ ನಡೆದಿದೆ. ಮೊದಲು ಬಿಸಿನೀರಿನಲ್ಲಿ ನೆನೆಹಾಕಿ ಬ್ರಷ್ಷಿನಲ್ಲಿ ಉಜ್ಜುವುದು, ಆಮೇಲೆ ಗಂಡ ಹೆಂಡತಿ ಎರಡು ತುದಿ ಹಿಡಿದು, ಅವರು ಬಲಕ್ಕೆ ಇವರು ಎಡಕ್ಕೆ ತಿರುಚಿ ಹಿಂಡುವುದು. ಯಾವುದು ಯಾರ ಮನೆಯದೆಂದು ತಿಳಿಯಲು ಮೂಲೆಯಲ್ಲಿ ಬಣ್ಣದ ದಾರದ ಹೊಲಿಗೆ. ಕೆಂಪು ದಾರ ಮೂರನೇ ಬೀದಿಯ ಮೇಷ್ಟ್ರ ತಾಯಿಯದು. ಹಸಿರು, ಬೇಕರಿಯವನ ಮಾವನದು.

"ಮೂಟೆ ಎತ್ತಿದ್ರೆ ಸಾಕು, ಆ ಮನೇಲಿ ಏನಾಗ್ತಿದೆ ಅಂತ ಗೊತ್ತಾಗುತ್ತೆ," ಎನ್ನುತ್ತಾರೆ ಅಕ್ಕ. "ಬಟ್ಟೆ ಜಾಸ್ತಿ ಬಂದ್ರೆ ಹೊಟ್ಟೆ ಕೆಟ್ಟಿದೆ. ಕಡಿಮೆ ಬರೋಕೆ ಶುರುವಾದ್ರೆ ಊಟ ಬಿಟ್ಟಿದ್ದಾರೆ. ಆಮೇಲೆ ಒಂದಿನ ಮೂಟೆನೇ ಇರಲ್ಲ. ನಾನು ಏನೂ ಕೇಳಲ್ಲ. ದಾರ ಬಿಚ್ಚಿ, ಮಡಿಸಿದ್ದನ್ನ ಕೊಟ್ಟು ಬರ್ತೀನಿ."

ಒಗೆಯುವುದು ಹೇಗೋ ನಡೆಯುತ್ತಿತ್ತು. ಪ್ರಾಣ ಹಿಂಡುತ್ತಿದ್ದುದು ಒಣಹಾಕುವ ಕೆಲಸ. ತಾರಸಿಗೆ ಎಪ್ಪತ್ತನಾಲ್ಕು ಮೆಟ್ಟಿಲು. ಯಜಮಾನರು ಮೂವತ್ತೊಂದು ವರ್ಷ ದೊಡ್ಡ ಆಫೀಸೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. "ಊರಿನವರನ್ನೆಲ್ಲ ಮೇಲೆ ಹತ್ತಿಸಿದೆ, ಕಟ್ಕೊಂಡವಳನ್ನ ಹತ್ತಿಸೋಕೆ ನಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲ," ಎಂದು ಅವರೇ ನಗುತ್ತಾರೆ. ಕಳೆದ ವರ್ಷ ಅಕ್ಕನ ಬಲಭುಜ ಬಿಗಿದುಕೊಂಡಿತು. ಕೈ ಭುಜಕ್ಕಿಂತ ಮೇಲೆ ಹೋಗಬಾರದೆಂದರು ಡಾಕ್ಟರು. ತಂತಿಯಿದ್ದುದು ತಲೆಗಿಂತ ಮೇಲೆ. ಕೆಳಗೆ ಕಟ್ಟಿದರೆ ಬೆಡ್‌ಶೀಟು ನೆಲ ಗುಡಿಸುತ್ತದೆ. ಯಜಮಾನರಿಗೋ ಮೂರನೇ ಮಹಡಿಗೇ ಉಬ್ಬಸ.

ಹಾಗಿರುವಾಗ ಒಂದು ಮಧ್ಯಾಹ್ನ ತುಕ್ಕು ಹಿಡಿದ ಮಂಚವೊಂದನ್ನು ಹಾಕಿ ಬರಲು ಗುಜರಿ ಅಂಗಡಿಗೆ ಹೋದ ಅಕ್ಕ, ಫ್ಯಾನುಗಳ ರಾಶಿಯ ಹಿಂದೆ ದುಂಡು ಗಾಜಿನ ಬಾಗಿಲೊಂದನ್ನು ಕಂಡರು. ಕೆನೆಬಣ್ಣದ ಮೈ, ಅಂಚಿನಲ್ಲಿ ಸವೆದ ಹಿತ್ತಾಳೆ ಪಟ್ಟಿ. ಮುಚ್ಚಿಹೋದ ಹಳೇ ಲಾಡ್ಜಿನದಂತೆ. ತಯಾರಿಸಿದವರ ಹೆಸರು ಉಜ್ಜಿಹೋಗಿ ಎರಡು ಅಂಕಿ ಮಾತ್ರ ಉಳಿದಿತ್ತು.

"ಏನಪ್ಪಾ ಇದು, ಒಗೆಯೋದಾ?"

"ಅಲ್ಲ ಅಕ್ಕಾ, ಒಣಗಿಸೋದು. ನಮ್ಮಪ್ಪನಿಗಿಂತ ಹಳೇದು. ಅವನೂ ಕೂತಿದ್ದಾನೆ, ಇದೂ ಕೂತಿದೆ."

"ತಿರುಗುತ್ತಾ?"

"ನಮ್ಮಪ್ಪನಾ?" ಎಂದ ಗುಜರಿಯವ, ಅಕ್ಕನ ಮುಖ ನೋಡಿ ತಮಾಷೆ ಬಿಟ್ಟು ವೈರು ಜೋಡಿಸಿದ. ತಿರುಗಿತು. ಅಕ್ಕ ಬಾಗಿಲು ತೆಗೆದು ಒಳಗೆ ಕೈಯಿಟ್ಟರು. ಬೆಚ್ಚಗಿತ್ತು. ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲವಂತೆ. ಕಬ್ಬಿಣದ ತೂಕದ ಬೆಲೆಗೆ, ಮಂಚದ ಬೆಲೆಯನ್ನು ಅದರಲ್ಲಿ ಮುರಿದುಕೊಂಡು, ಅವನೇ ತಳ್ಳುಗಾಡಿಯಲ್ಲಿ ತಂದಿಳಿಸಿದ. ಕಿಟಕಿಯ ಒಂದು ಗಾಜು ತೆಗೆದು ತಗಡಿನ ಕೊಳವೆ ಕೂರಿಸಿ ಬಿಸಿಗಾಳಿಗೆ ದಾರಿ ಮಾಡಿದ್ದಾಯಿತು.

ಮೊದಲ ಎರಡು ತಿಂಗಳು ಅಕ್ಕನಿಗೆ ಮನೆಯಲ್ಲಿ ಹೊಸ ಸೊಸೆ ಬಂದಂತಿತ್ತು. ಐದು ಬೆಡ್‌ಶೀಟು, ಮುಕ್ಕಾಲು ಗಂಟೆ. ಹತ್ತುವುದಿಲ್ಲ, ಇಳಿಯುವುದಿಲ್ಲ, ಮೋಡ ನೋಡುವುದಿಲ್ಲ. ಒಣಗಿದ್ದನ್ನು ತೆಗೆದು ಕೆನ್ನೆಗೆ ಒತ್ತಿ ನೋಡುತ್ತಿದ್ದರು. "ಕೈಗೆ ಸುಳ್ಳು ಹೇಳಬಹುದು ಬಟ್ಟೆ, ಕೆನ್ನೆಗೆ ಹೇಳಕ್ಕಾಗಲ್ಲ," ಎನ್ನುವ ಅವರು, ಒಣಗಿದೆಯೆಂದು ಖಾತ್ರಿಯಾದ ಮೇಲೂ ಇನ್ನೊಂದಿಷ್ಟು ಹೊತ್ತು ಹಾಗೆಯೇ ಒತ್ತಿಕೊಂಡಿರುತ್ತಿದ್ದುದನ್ನು ಯಜಮಾನರು ನೋಡಿದ್ದಾರೆ.

ಮೂರನೇ ತಿಂಗಳಿಗೆ ಡ್ರೈಯರ್ ನಿಧಾನವಾಯಿತು. ಮುಕ್ಕಾಲು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ. ಆಮೇಲೆ ಎರಡೂವರೆ. ಬೇರೆ ಯಾರಾದರೂ ಆಗಿದ್ದರೆ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದರೇನೋ. ಅಕ್ಕ ಹುಟ್ಟಿ ಬೆಳೆದದ್ದು ಹೊಲ, ಕೊಟ್ಟಿಗೆಯ ನಡುವೆ. ಅವರಿಗೆ ತೋಚಿದ್ದೇ ಬೇರೆ.

"ನಮ್ಮಪ್ಪನ ಹತ್ರ ಒಂದು ಮುದಿ ಎತ್ತಿತ್ತು. ಅದು ನಿಧಾನ ಆದ್ರೆ ಅಪ್ಪ ಹೊಡೀತಿರ್ಲಿಲ್ಲ, ನೊಗ ಇಳಿಸಿ ನೆರಳಿಗೆ ಕಟ್ತಿದ್ರು. ಇದಕ್ಕೂ ವಯಸ್ಸಾಗಿದೆ, ದಣಿದಿದೆ ಪಾಪ ಅಂತ ನಾನೂ ಹಾಗೇ ಮಾಡ್ದೆ."

ಮೊದಲು ವಾರಕ್ಕೊಂದು ದಿನ ರಜೆ. ಆಮೇಲೆ ದಿನ ಬಿಟ್ಟು ದಿನ. ಒಂದು ಸರದಿ ಮುಗಿದರೆ ಬಾಗಿಲು ತೆರೆದಿಟ್ಟು ಉಸಿರಾಡಲು ಬಿಡುವುದು, ಮೈ ಬಿಸಿಯಾದರೆ ನೆತ್ತಿಯ ಮೇಲೆ ಒದ್ದೆ ಬಟ್ಟೆ ಹಾಕುವುದು. "ಹುಲ್ಲೊಂದು ಹಾಕಿರ್ಲಿಲ್ಲ," ಎನ್ನುತ್ತಾರೆ ಯಜಮಾನರು.

ಎಷ್ಟು ವಿಶ್ರಾಂತಿ ಕೊಟ್ಟರೂ ಅದು ಚೇತರಿಸಿಕೊಳ್ಳಲಿಲ್ಲ. ಅದು ರಜೆಯಲ್ಲಿದ್ದ ದಿನ ಅಕ್ಕನೇ ಟಬ್ಬು ಹೊತ್ತು ತಾರಸಿ ಹತ್ತಿದರು. ಎಡಗೈಯಿಂದ ಎಸೆದು ತಂತಿಗೆ ಹಾಕಿದರು. ಎರಡೇ ವಾರದಲ್ಲಿ ಎಡಭುಜವೂ ನೋಯತೊಡಗಿತು. ಬಟ್ಟೆ ತಡವಾಯಿತು. ಒಂದು ದಿನ ಮೇಷ್ಟ್ರ ತಾಯಿಗೆ ಕೊಟ್ಟ ಬೆಡ್‌ಶೀಟು ನಡುವಿನಲ್ಲಿ ಹಸಿಯಿತ್ತು. ಮೇಷ್ಟ್ರು ಬೈಯಲಿಲ್ಲ. "ಅಮ್ಮನ ಬೆನ್ನು ಕೆಂಪಾಗಿದೆ ಅಕ್ಕಾ," ಎಂದರು, ಅಷ್ಟೇ.

"ಬೈದಿದ್ರೆ ತಡ್ಕೋತಿದ್ದೆ," ಎನ್ನುತ್ತಾರೆ ಅಕ್ಕ. ಆ ಸಂಜೆಯೇ ಹನ್ನೊಂದು ಮನೆಯ ಮೆಟ್ಟಿಲು ಹತ್ತಿ ಹೇಳಿ ಬಂದರು: ಶನಿವಾರದವರೆಗೆ ಮಾತ್ರ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಿ. ಬೇರೆಯವರು ಯಾರೂ ಇಲ್ಲವೆಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಡ್ರೈಯರನ್ನು ಶನಿವಾರ ಮಧ್ಯಾಹ್ನ ಗುಜರಿಯವ ವಾಪಸು ಒಯ್ಯುವುದೆಂದಾಯಿತು.

ಶನಿವಾರ ಬೆಳಗ್ಗೆ ಯಜಮಾನರು ಗಡಿಯಾರ ರಿಪೇರಿಯವರನ್ನು ಕರೆತಂದರು. ಡ್ರೈಯರನ್ನು ಉಳಿಸಬಹುದೆಂಬ ಯೋಚನೆ ಅವರಿಗೆ ಇರಲೇ ಇಲ್ಲ. ಟಿಕ್ ಟಿಕ್ ಎನ್ನುವ ಆ ಗುಂಡಿ ಮಾತ್ರ ಚೆನ್ನಾಗಿದೆ, ಗುಜರಿಗೆ ಹೋಗುವ ಮುಂಚೆ ಬಿಚ್ಚಿಟ್ಟುಕೊಳ್ಳೋಣವೆಂದು ಆಸೆ. ರಿಪೇರಿಯವರು ಗುಂಡಿಗೆ ಕಿವಿಯಿಟ್ಟು ಆಲಿಸಿದರು. ಒಂದು ಸುತ್ತು ಓಡಿಸಿದರು. ಮೂಗೆಳೆದು ವಾಸನೆ ನೋಡಿದರು. ಮುಖ ಗಂಟಾಯಿತು.

"ತಾಯೀ, ಇದರ ಜಾಲರಿ ಯಾವಾಗ ತೆಗೆದಿದ್ದು?"

"ಯಾವ ಜಾಲರಿ?"

ಬಾಗಿಲಿನ ಕೆಳತುಟಿಯಲ್ಲಿ ಬೆರಳಗಲದ ತಗಡಿನ ಪಟ್ಟಿಯಿದೆ. ಅಕ್ಕ ದಿನವೂ ಅದನ್ನು ಒರೆಸಿ ಕನ್ನಡಿ ಮಾಡಿಟ್ಟಿದ್ದರು. ರಿಪೇರಿಯವರು ಉಗುರು ಕೊಟ್ಟು ಮೇಲಕ್ಕೆಳೆದರು. ಎಳೆದಷ್ಟೂ ಬಂತು. ಬಟ್ಟೆಯಿಂದ ಉದುರಿದ ನೂಲಿನ ಹೊಟ್ಟು, ಕಂಬಳಿಯಷ್ಟು ದಪ್ಪ, ಮೆತ್ತಗೆ, ಬೂದು ಬಣ್ಣಕ್ಕೆ. ಅದರ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಎಳೆ, ಹಸಿರು ಎಳೆ. ಒಂದು ಮೂಲೆ ಸುಟ್ಟು ಕಂದಿತ್ತು.

"ಉಸಿರು ಕಟ್ಟಿದೆ ಇದಕ್ಕೆ. ಇನ್ನೊಂದು ವಾರ ಬಿಟ್ಟಿದ್ರೆ ಹೊತ್ಕೊಂಡು ಉರೀತಿತ್ತು. ಮನೇನೂ ಹೋಗ್ತಿತ್ತು, ನೀವೂ ಹೋಗ್ತಿದ್ರಿ. ಪ್ರತಿ ಸಲ ತೆಗೀಬೇಕು ಇದನ್ನ. ಕೊಳವೆನೂ ಗುಡಿಸಬೇಕು. ನೆತ್ತಿ ಮೇಲೆ ಒದ್ದೆ ಬಟ್ಟೆ ಯಾವ ಪುಣ್ಯಾತ್ಮರು ಹಾಕಿದ್ದು, ಕರೆಂಟು ಹೊಡೀಲಿ ಅಂತಾನಾ?"

ಯಜಮಾನರು ಸೀಲಿಂಗು ನೋಡಿದರು.

"ದಿನಾ ಒರೆಸ್ತಿದ್ದೆ," ಎಂದರಂತೆ ಅಕ್ಕ. "ಎಳೀಬೇಕು ಅಂತ ಗೊತ್ತಿರ್ಲಿಲ್ಲ." ಆ ಹೊಟ್ಟನ್ನು ಮುಟ್ಟಿ ನೋಡಿ ಕೇಳಿದರು, "ಹಾಗಾದ್ರೆ ಇದಕ್ಕೆ ದಣಿವಾಗಿರ್ಲಿಲ್ವಾ?"

"ಕಬ್ಬಿಣಕ್ಕೆಲ್ಲಿ ದಣಿವು ತಾಯೀ? ದಣಿದಿರೋದು ನೀವು."

ಅಕ್ಕ ಸ್ಟೂಲೆಳೆದುಕೊಂಡು ಕೂತರು. ನಾಲ್ಕು ವಾರ ಒಂದು ಪೆಟ್ಟಿಗೆಗೆ ರಜೆ ಕೊಟ್ಟು, ಅದರ ಪಾಲಿನ ಕೆಲಸವನ್ನು ತಾವು ಹೊತ್ತು ಏರಿಳಿದದ್ದು ಲೆಕ್ಕಕ್ಕೆ ಬಂತು. ಯಜಮಾನರು ನಗಲಿಲ್ಲ. ನೀರು ತಂದುಕೊಟ್ಟರು. ರಿಪೇರಿಯವರು ಕೊಳವೆ ಗುಡಿಸಿ, ಜಾಲರಿ ಕೊಡವಿ ಹಾಕಿ, ಐದು ಬೆಡ್‌ಶೀಟು ತುಂಬಿದರು. ನಲವತ್ತಮೂರು ನಿಮಿಷಕ್ಕೆ ಒಣಗಿ ಬಂತು. ಮಧ್ಯಾಹ್ನ ಬಂದ ಗುಜರಿಯವ ತಳ್ಳುಗಾಡಿಯ ಹಿಡಿ ಹಿಡಿದುಕೊಂಡೇ, "ಕೊಡಲ್ವಾ ಅಕ್ಕಾ?" ಎಂದ. "ನಿಮ್ಮಪ್ಪನ್ನ ತಳ್ಕೊಂಡು ಹೋಗು," ಎಂಬ ಉತ್ತರ ಬಂತು.

ಸಂಜೆ ಅಕ್ಕ ಮತ್ತೆ ಹನ್ನೊಂದು ಮನೆಗಳಿಗೆ ಹೊರಟರು, ಕೆಲಸ ಬಿಟ್ಟಿಲ್ಲವೆಂದು ಹೇಳಲು. ಮೇಷ್ಟ್ರ ಮನೆ ಎರಡನೇ ಮಹಡಿ. ಹತ್ತಿ ನಿಂತು, ಏದುಸಿರಿನ ನಡುವೆಯೇ ವಿಷಯ ಹೇಳಿದರು.

"ಸೋಮವಾರ ನಿಜವಾಗ್ಲೂ ಬರ್ತೀರಾ ಅಕ್ಕಾ?"

"ಬರ್ತೀನಿ ಮೇಷ್ಟ್ರೇ. ಆದ್ರೆ ಒಂದು ಮಾತು." ಹತ್ತೊಂಬತ್ತು ವರ್ಷದಲ್ಲಿ ಅಕ್ಕ ಯಾವ ಮನೆಯಲ್ಲೂ ಏನನ್ನೂ ಕೇಳಿದವರಲ್ಲ. ಕೇಳುವಾಗ ಮುಖ ಗೋಡೆಯ ಕಡೆಗಿತ್ತು. "ಮೂಟೆ ನೀವು ಕೆಳಗೆ ತಂದಿಡ್ಬೇಕು. ಇನ್ನು ಮೆಟ್ಟಿಲು ಹತ್ತೋಕಾಗಲ್ಲ ನನ್ನಿಂದ."

ಮೇಷ್ಟ್ರು ಹೊಸ್ತಿಲು ದಾಟಿ ಹೊರಗೆ ಬಂದರು. "ಇದನ್ನ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ," ಎಂದು ಅಕ್ಕ ಕೆಳಗಿಳಿದರು. ಅದೇ ಮಾತನ್ನು ಇನ್ನೂ ಒಂಬತ್ತು ಮನೆಯಲ್ಲಿ ಹೇಳಿದರು. ಪ್ರತಿ ಸಲವೂ ಗೋಡೆ ನೋಡಿಕೊಂಡೇ ಹೇಳಿದರಂತೆ.

ಅದಾಗಿ ಆರು ವಾರ. ಹೊರಗೆ ಈಗ ಬೆಳಕು ಹರಿದಿದೆ. ಮೊದಲ ಸರದಿಯ ಬೆಡ್‌ಶೀಟ್‌ಗಳು ಮಡಿಕೆಯಾಗಿವೆ. ಜಾಲರಿಯ ಹೊಟ್ಟನ್ನು ಅಕ್ಕ ಬೆರಳಲ್ಲಿ ಸುತ್ತಿ ತೆಗೆದು ಡಬ್ಬಿಗೆ ಹಾಕಿ, ಕೈಗಾಡಿ ಎಳೆದುಕೊಂಡು ಮೂಟೆ ತರಲು ಬೀದಿಗಿಳಿಯುತ್ತಾರೆ. ಒಂದೊಂದೇ ಕಟ್ಟಡದ ಬಾಗಿಲಲ್ಲಿ, ಮೊದಲ ಮೆಟ್ಟಿಲ ಮೇಲೆ, ಗಂಟು ಬಿಗಿದ ಮೂಟೆ ಕಾದಿದೆ. ಮೇಷ್ಟ್ರ ಮೂಟೆಗೆ ಇಸ್ತ್ರಿ ಮಾಡಿದ ಚೀಲ ಬೇರೆ. ಹತ್ತು ಮೂಟೆಯಾಗುವಷ್ಟರಲ್ಲಿ ಕೈಗಾಡಿ ತುಂಬಿದೆ, ಅಕ್ಕ ಒಂದು ಮೆಟ್ಟಿಲನ್ನೂ ಹತ್ತಿಲ್ಲ.

ಹನ್ನೊಂದನೆಯ ಕಟ್ಟಡದ ಬಾಗಿಲಲ್ಲಿ ಏನೂ ಇಲ್ಲ. ಅಕ್ಕ ಕೈಗಾಡಿಯನ್ನು ಗೋಡೆಗೆ ಒರಗಿಸಿ, ಮೆಟ್ಟಿಲ ಕಟಾಂಜನ ಹಿಡಿದು, ಮೂರನೇ ಮಹಡಿಗೆ ನಿಧಾನವಾಗಿ ಹತ್ತತೊಡಗುತ್ತಾರೆ. ಆ ಮನೆಯವರೂ ಕೆಳಗೆ ತಂದಿಡಬಹುದಲ್ಲ ಎಂದರೆ, ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

"ಅಲ್ಲಿ ಅಕ್ಕ ತಂಗಿ ಇಬ್ರೇ ಇರೋದು. ಅಕ್ಕ ಮಲಗಿ ಎಂಟು ವರ್ಷ ಆಯ್ತು. ನೋಡ್ಕೊಳ್ಳೋ ತಂಗಿಗೆ ಎಂಬತ್ತಮೂರು." ಮತ್ತೊಂದು ಮೆಟ್ಟಿಲು. "ಅವರನ್ನ ಇಳಿಸೋಕಾಗುತ್ತಾ? ಒಂದು ಮನೆ ತಾನೆ. ಒಂದು ಮನೆಗೆ ಹತ್ತುತ್ತೀನಿ ನಾನು."