ಖಾಲಿ ಹೊಟ್ಟೆಯಲ್ಲಿ ವಾಡಿ ದಾಟುವುದು

ಸೋಮವಾರ ಬೆಳಿಗ್ಗೆ ಐದೂ ಹತ್ತಕ್ಕೆ ಬಸ್ಸು ಚಿಂಚೋಳಿ ಬಿಟ್ಟಿತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ನನ್ನದು ಸೊನ್ನೆ ಟಿಕೆಟು, ಕಾಕಾನದು ಪೂರ್ತಿ. ಇದು ಮೂರನೆಯ ವಾರ, ಐದನೆಯ ಪ್ರಯಾಣ. ಸೇಡಂ ತನಕ ಬಸ್ಸು, ಅಲ್ಲಿಂದ ವಾಡಿಗೆ ಪ್ಯಾಸೆಂಜರ್ ರೈಲು, ವಾಡಿಯಲ್ಲಿ ರೈಲು ಬದಲಿಸಿ ಕಲಬುರಗಿ. ಕೂತ ತಕ್ಷಣ ನನಗೆ ಕಣ್ಣು ಎಳೆಯಿತು. ಆದರೆ ಮಲಗುವಂತಿರಲಿಲ್ಲ, ಕಾಕಾನನ್ನು ಕಾಯಬೇಕಿತ್ತು.

ಕಾಕಾ ಶರಣಪ್ಪ ವಾಡಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಕೆಲಸದವನು. ನಾಲ್ಕು ತಿಂಗಳ ಹಿಂದೆ ಮಾತು ಬಿಟ್ಟ, ಆಮೇಲೆ ಊಟ ಬಿಟ್ಟ. ಮನೆಗೆ ಕರೆತಂದರೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಗುಳಿಗೆಗಳು ನಾಟಲಿಲ್ಲ. ಕೊನೆಗೆ ಕಲಬುರಗಿಯ ವೈದ್ಯರು ಮಿದುಳಿಗೆ ವಿದ್ಯುತ್ ಕೊಡುವ ಚಿಕಿತ್ಸೆ ಹೇಳಿದರು. "ತಲಿಗಿ ಕರೆಂಟ್ ಕೊಟ್ರ ಮನಷ್ಯಾ ಉಳೀತಾನೇನ?" ಎಂದು ಅಜ್ಜಿ ಎರಡು ದಿನ ಅತ್ತಳು. ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ, ಕರೆಂಟು ಹರಿಯುವುದು ಕೆಲವೇ ಸೆಕೆಂಡು. ಎದ್ದ ಮೇಲೆ ತಲೆನೋವು, ಸ್ವಲ್ಪ ಮರೆವು. ನಾವು ಪಾಲಿಸಬೇಕಾದ ನಿಯಮ ಒಂದೇ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಅರಿವಳಿಕೆಯಲ್ಲಿ ತಿಂದದ್ದು ಮೇಲೆ ಬಂದು ಉಸಿರಿನ ದಾರಿಗೆ ಇಳಿದರೆ ಜೀವಕ್ಕೇ ಅಪಾಯ.

ಪ್ರತಿ ಸಲ ಕಾಕಾ ಆಡಿದ ಮಾತುಗಳನ್ನು ನಾನು ಡೈರಿಯಲ್ಲಿ ಗೆರೆ ಎಳೆದು ಎಣಿಸುತ್ತೇನೆ. ಮೊದಲ ಪ್ರಯಾಣದಲ್ಲಿ ಸೊನ್ನೆ, ಎರಡನೆಯದರಲ್ಲಿ ಎರಡು, ನಾಲ್ಕನೆಯದರಲ್ಲಿ ಒಂಬತ್ತು. ಸೇಡಂ ಬಿಟ್ಟ ಮೇಲೆ ಮಳಖೇಡದ ಸಿಮೆಂಟು ಧೂಳು ಕಿಟಕಿಯಿಂದ ಒಳಗೆ ಬಂತು. ಚಿತ್ತಾಪುರ ಬರುವಷ್ಟರಲ್ಲಿ ಕಾಕಾ, "ಕಿಟಕಿ ಇಳಸು, ಕಣ್ಣಾಗ ಬೀಳಾಕತ್ತದ" ಅಂದ. ಒಂದು ಗೆರೆ ಎಳೆದೆ.

ವಾಡಿಯಲ್ಲಿ ಮುಂದಿನ ರೈಲು ತಡ ಎಂದರು. ಎಷ್ಟು ತಡ ಎಂದು ಕೇಳಿಕೊಂಡು ಬರಲು ಹೋದೆ. ಹತ್ತು ನಿಮಿಷ ಬಿಟ್ಟು ಬಂದರೆ ಕಾಕಾನ ಪಕ್ಕದಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಖಾಜಾಸಾಬರು ಕೂತಿದ್ದರು. ನಾವು ಬಂದಾಗಲೆಲ್ಲ ಅವರು ಎರಡು ಲೋಟ ಚಹಾ ತರುತ್ತಿದ್ದರು. ಕೊಡಬೇಡಿ ಎಂದು ಮೊದಲ ದಿನವೇ ಹೇಳಿದ್ದೆ. ಕಾಕಾ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಎರಡೂ ಲೋಟ ಅವರೇ ಕುಡಿಯುತ್ತಿದ್ದರು. ನಾನೂ ಸುಮ್ಮನಿದ್ದೆ. ಈವತ್ತು ಒಂದು ಲೋಟ ಕಾಕಾನ ಕೈಯಲ್ಲಿತ್ತು.

"ಚಾ ಕುಡದ್ಯೇನ್ ಕಾಕಾ?"

ಕಾಕಾ ಲೋಟ ಬೋರಲು ಮಾಡಿ ತೋರಿಸಿದ. "ಸಕ್ಕರಿ ಭಾಳ ಆಗಿತ್ತು."

"ಕೇಳವಾ," ಎಂದು ಖಾಜಾಸಾಬರು ನಕ್ಕರು, "ನಾಕು ತಿಂಗಳಾದ ಮ್ಯಾಲ ನನ್ನ ಮುಂದ ಬಾಯಿ ತೆರದಾನ, ಅದೂ ನನಗ ಬೈಲಿಕ್ಕಿ."

"ಮಾಮಾ, ಏನೂ ಕೊಡಬ್ಯಾಡ್ರಿ ಅಂತ ಹೇಳಿದ್ದೆ ಅಲ್ರಿ?"

ಅವರ ಮುಖ ಇಳಿಯಿತು. "ಇವತ್ತ ತಾನೇ ಕೈ ಚಾಚಿದ. ಹ್ಯಾಂಗ ಹಿಂದಕ್ಕ ಎಳಕೊಳ್ಲಿ?" ತಮ್ಮ ಲೋಟ ಕೆಳಗಿಟ್ಟು, "ಒಂದು ಬನ್ನೂ ತಿಂದಾನ" ಅಂದರು.

ಎಂಟೂ ನಲವತ್ತು, ಚಹಾ, ಬನ್ನು ಎಂದು ಬರೆದುಕೊಂಡೆ. ನಮ್ಮ ಸರದಿ ಹನ್ನೊಂದಕ್ಕೆ. ಶಹಾಬಾದ್ ದಾಟುವಾಗ ಒಂದು ಯೋಚನೆ ಬಂತು: ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದು ಲೋಟ ಚಹಾ ಏನು ಮಾಡೀತು? ಹೇಳಿದರೆ ಇಷ್ಟು ದೂರ ಬಂದದ್ದು ದಂಡ, ಮತ್ತೆ ಐದೂ ಹತ್ತರ ಬಸ್ಸು. ಈ ಸಲದ್ದು ತಪ್ಪಿದರೆ ಕಾಕಾನ ಮಾತು ಮತ್ತೆ ಸೊನ್ನೆಗೆ ಇಳಿದೀತೆಂಬ ಹೆದರಿಕೆ ಬೇರೆ. ಕಾಲು ನೋಯುತ್ತಿದ್ದವು. ಕಲಬುರಗಿ ಬಂದರೂ ಯೋಚನೆ ಮುಗಿದಿರಲಿಲ್ಲ.

ದವಾಖಾನೆಯಲ್ಲಿ ನರ್ಸ್ ಎಂದಿನಂತೆ ನನ್ನನ್ನೇ ಕೇಳಿದರು. "ರಾತ್ರಿಯಿಂದ ಏನರ ತಗೊಂಡಾರೇನ್ರಿ?"

ನಾನು ಚೀಲದಲ್ಲಿ ಫೈಲು ಹುಡುಕತೊಡಗಿದೆ. ಫೈಲು ಕೈಗೆ ಸಿಕ್ಕಿತ್ತು, ಆದರೂ ಹುಡುಕುತ್ತಲೇ ಇದ್ದೆ.

"ತಗೊಂಡೀನ್ರಿ ಸಿಸ್ಟರ್," ಅಂದ ಕಾಕಾ. "ಒಂದು ಚಾ, ಒಂದು ಬನ್. ವಾಡ್ಯಾಗ."

ನರ್ಸ್ ಬರೆಯುವುದು ನಿಲ್ಲಿಸಿ ಅವನ ಕಡೆ ತಿರುಗಿದರು. "ಎಷ್ಟೊತ್ತಿಗ್ರಿ?"

"ಎಂಟೂ ನಲವತ್ತು. ಈಕಿ ಬರಕೊಂಡಾಳ ನೋಡ್ರಿ."

ತಲೆ ಎತ್ತಲಾಗಲಿಲ್ಲ. ವೈದ್ಯರು ಬಂದು, ಇವತ್ತು ಬೇಡ, ಗುರುವಾರ ಬನ್ನಿ, ಹೇಳಿದ್ದು ಒಳ್ಳೆಯದಾಯಿತು ಎಂದು ನನ್ನ ಕಡೆ ನೋಡಿ ಹೇಳಿದರು. ಒಂದು ದಿನ ತಪ್ಪಿದರೆ ಮಾತು ಮತ್ತೆ ನಿಲ್ಲುತ್ತದೆಯೇ ಎಂದು ಕೇಳಿದೆ. ಅವರು ಕಾಕಾನತ್ತ ಕೈ ತೋರಿಸಿ, "ಅವರನ್ನೇ ಕೇಳಿ" ಎಂದರು.

ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ವಾಡಿ. ಖಾಜಾಸಾಬರು ಪ್ಲಾಟ್‌ಫಾರಂ ಮೇಲೆ ಬರಿಗೈಲಿ ನಿಂತಿದ್ದರು. ಏನಾಯಿತೆಂದು ನಾನು ಹೇಳುವ ಮೊದಲೇ ಕಾಕಾ, "ಹೋಗು, ಚಾ ತಗೊಂಬಾ. ಈಗ ನಡೀತದ. ಸಕ್ಕರಿ ಕಮ್ಮಿ ಹಾಕ್ಸು" ಅಂದ. ಮೂರು ಲೋಟ ಬಂದವು. ನಾನು ಡೈರಿ ತೆಗೆದು, ಐದನೆಯದು ಆಗಲಿಲ್ಲ ಎಂದು ಬರೆದೆ. ಗೆರೆಗಳ ಎಣಿಕೆ ಬೆಳಿಗ್ಗೆ ಇದೇ ವಾಡಿಯಲ್ಲಿ ತಪ್ಪಿಹೋಗಿತ್ತು.

ಸೇಡಂ ರೈಲು ಅಲುಗಿದಾಗ ಕಾಕಾ ಕಿಟಕಿಯಿಂದ ಕೂಗಿ ಹೇಳಿದ. "ಖಾಜಾ, ಗುರುವಾರ ಮುಂಜಾನಿ ಬರಬ್ಯಾಡ ನೀ. ಸಂಜಿಗಿ ಬಾ."

ತಿರುಗಿ ನೋಡಿದೆ. ಖಾಜಾಸಾಬರು ಮೂರು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು, ರೈಲು ಹೊರಳುವ ತನಕ ಅಲ್ಲೇ ನಿಂತಿದ್ದರು.