ಮೇಲೆ ಹೋಗುವವರು, ಕೆಳಗೆ ಕೂರುವವರು

ಚಾರಣದ ಬೂಟು ಹಾಕಿಕೊಂಡು ಜೋಳದ ರೊಟ್ಟಿ ಬಡಿಯುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಹೊಸ ಬೂಟು ಬೆಟ್ಟದಲ್ಲಿ ಕಚ್ಚಬಾರದೆಂದರೆ ಅದನ್ನು ಮನೆಯಲ್ಲೇ ಪಳಗಿಸಬೇಕೆಂದು ಯಾರೋ ಹೇಳಿದ್ದರಿಂದ, ಬೀದರಿನ ನಮ್ಮ ಮನೆಯ ಅಡುಗೆಮನೆಗೂ ಅಂಗಳಕ್ಕೂ ನಡುವೆ ನಾನು ಎಷ್ಟೋ ದಿನ ಹಾಗೆಯೇ ಓಡಾಡಿದೆ. ನರ್ಸ್ ಕೆಲಸದಿಂದ ನಿವೃತ್ತಳಾದವಳಿಗೆ ನರೆ ಬಂದ ಮೇಲೆ ನೆರೆಯ ದೇಶಗಳನ್ನು ನೋಡುವ ಆಸೆ ಹುಟ್ಟಿತ್ತು. ಮೊದಲು ನೇಪಾಳದಲ್ಲಿ ಚಾರಣ, ಅಲ್ಲಿಂದ ಭೂತಾನ್, ಕೊನೆಗೆ ದಣಿದ ಕಾಲನ್ನು ಶ್ರೀಲಂಕೆಯ ಸಮುದ್ರಕ್ಕೆ ಇಳಿಬಿಡುವುದು.

ಜೊತೆಗಾತಿ ರಜಿಯಾ. ನಾನು ಔರಾದಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಅವಳ ತವರಿನ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಿತ್ತಲ ಗೋಡೆಯ ಆಚೆ ಅವಳು, ಈಚೆ ನಾನು. ಹೋಗಲಾರದ ಊರುಗಳ ಮಾತೆಲ್ಲ ಆ ಗೋಡೆಯ ಮೇಲೆಯೇ ಆಗುತ್ತಿತ್ತು. ಮುಂದೆ ಅವಳು ಮದುವೆಯಾಗಿ ಭಾಲ್ಕಿಗೆ ಬಂದು, ಮನೆಯ ಮುಂಗೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಳು. ಪ್ರವಾಸದ ಮಾತು ಗಟ್ಟಿಯಾದ ಮೇಲೆ ಭಾನುವಾರ ಬಂದರೆ ರೈಲು ಹತ್ತಿ ಬೀದರಿಗೆ ಬರುತ್ತಿದ್ದಳು. ಇಬ್ಬರೂ ಕೋಟೆಯ ಮೆಟ್ಟಿಲುಗಳನ್ನು ಹಿಮಾಲಯವೆಂದೇ ಭಾವಿಸಿ ಹತ್ತುತ್ತಿದ್ದೆವು. ಗಡಿಯೆಂದರೆ ನಮಗೆ ಹೊಸತೇನಲ್ಲ. ಒಂದು ಮದುವೆಗೆ ಮರಾಠಿಯಲ್ಲಿ ಹೋಗಿ, ಇನ್ನೊಂದರಿಂದ ತೆಲುಗಿನಲ್ಲಿ ಹಿಂತಿರುಗಿ, ಜಗಳವನ್ನು ದಖನಿ ಉರ್ದುವಿನಲ್ಲೂ ರಾಜಿಯನ್ನು ಕನ್ನಡದಲ್ಲೂ ಮಾಡಿಕೊಳ್ಳುವ ನಮ್ಮಂಥವರಿಗೆ ಪಕ್ಕದ ದೇಶವೂ ಪಕ್ಕದ ಓಣಿಯ ಹಾಗೆಯೇ ಕಾಣುತ್ತದೆ.

ಆದರೆ ಕಾಲ ಕೂಡಿಬಂದಾಗ ಕಾಲು ಕೂಡಿಬರಲಿಲ್ಲ. ಒಂದು ಭಾನುವಾರ ಕೋಟೆಯಿಂದ ಇಳಿಯುವಾಗ ಮಂಡಿಯಲ್ಲಿ ಏನೋ ಕಳಚಿದಂತಾಗಿ ಅಲ್ಲೇ ಕುಳಿತುಬಿಟ್ಟೆ. ಡಾಕ್ಟರು ಪರೀಕ್ಷೆ ಮಾಡಿ, “ಹ್ಯಾಂಗರ ಮಾಡಿ ಹತ್ತತೀರಿ ಸಿಸ್ಟರ್, ಇಳಿಯೋದು ಆಗಂಗಿಲ್ಲ” ಎಂದರು. ಎಷ್ಟೋ ರೋಗಿಗಳಿಗೆ ಇಂಥ ಮಾತನ್ನು ಮೆತ್ತಗೆ ದಾಟಿಸಿದವಳು ನಾನು. ನನಗೆ ಹೇಳಿದಾಗ ಅದರಲ್ಲಿ ಮೆತ್ತಗಿನದೇನೂ ಕಾಣಲಿಲ್ಲ.

ನನ್ನ ದುಃಖ ಹಾಗಿರಲಿ, ಅದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ರಜಿಯಾಳ ಮನೆಯಲ್ಲಿ ಮಾತೆಂದರೆ ಅವಳ ಅತ್ತೆ ಅಮ್ಮಿಯದು. “ಸಿಸ್ಟರ್ ಜೊತಿಗಿದ್ರ ಕಳಸ್ತೇನಿ” ಎಂದು ಆಕೆ ಒಪ್ಪಿದ್ದು. ನಾನು ಹತ್ತದಿದ್ದರೆ ಗೆಳತಿಯ ಬೆಟ್ಟವೂ ಕುಸಿದಂತೆಯೇ. ವಿಷಯ ತಿಳಿದ ರಜಿಯಾ, “ಬಿಡು, ಗುಡ್ಡ ಎಲ್ಲಿ ಓಡಿ ಹೋಗ್ತದ” ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾವಿಬ್ಬರೂ ಕೂಡಿಯೇ ಅಮ್ಮಿಗೆ ಹೇಳುವುದೆಂದು ಭಾಲ್ಕಿಗೆ ಹೋದೆವು.

ಅಮ್ಮಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸುವವರೆಗೂ ತಲೆಯೆತ್ತಲಿಲ್ಲ.

“ಡಾಕ್ಟರ್ ಹತ್ತಬ್ಯಾಡ ಅಂದಾರ. ಹೋಗಬ್ಯಾಡ ಅಂದಾರೇನು?”

“ಇಲ್ಲರಿ ಅಮ್ಮಿ.”

“ರಜಿಯಾನ ಜೊತಿ ಮ್ಯಾಲ ಯಾರು ಇರ್ತಾರ?”

ದಾರಿ ತೋರಿಸುವ ಹೆಂಗಸೊಬ್ಬಳಿರುತ್ತಾಳೆ, ಗುಂಪಿನಲ್ಲಿ ಎಲ್ಲ ಹೆಣ್ಣುಮಕ್ಕಳೇ ಎಂದೆ. ಕೆಳಗೆ, ಪೊಖರಾದಲ್ಲಿ, ದೊಡ್ಡ ಸರೋವರವಿದೆ, ಆಕಾಶ ತಿಳಿಯಿದ್ದರೆ ಹಿಮದ ಬೆಟ್ಟಗಳು ಅಲ್ಲಿಂದಲೇ ಕಾಣುತ್ತವೆ ಎಂದೂ, ಕೇಳದಿದ್ದರೂ, ಹೇಳಿದೆ.

ಅಮ್ಮಿ ಮೊರವನ್ನು ಬದಿಗಿಟ್ಟರು. “ಹಂಗಾರ ರಜಿಯಾ ಮ್ಯಾಲ ಹೋಗ್ಲಿ. ನೀ ಕೆಳಗ ಒಬ್ಬಾಕಿ ಕುಂತು ಏನ್ ಮಾಡ್ತಿ? ನಾ ಬರ್ತೇನಿ.”

ರಜಿಯಾ ಬೆಚ್ಚಿದಳು. “ಅಮ್ಮಿ, ಹೈದರಾಬಾದಿಗೆ ಹೋದ್ರೇ ಮರುದಿನ ಮನಿ ಮನಿ ಅಂತೀರಿ ನೀವು.”

“ಹೈದರಾಬಾದ್‌ನಾಗ ನೋಡೋದು ಏನದ? ಬರೀ ಸಂಬಂಧಿಕರು.”

ಅಂದಿನಿಂದ ನಮ್ಮ ಯೋಜನೆಯ ರೂಪವೇ ಬದಲಾಗಿದೆ. ರಜಿಯಾ ಬೆಟ್ಟಕ್ಕೆ, ನಾವಿಬ್ಬರು ಸರೋವರದ ದಂಡೆಗೆ. ಆಮೇಲೆ ಭೂತಾನ್, ಲಂಕೆಗೆ ಮೂವರೂ ಕೂಡಿ. ಎತ್ತರಕ್ಕೆ ಏರುವುದೇ ಪ್ರವಾಸದ ಸಾರ್ಥಕತೆಯೆಂದು ನಾನು ನಂಬಿದ್ದೆ. ಈಗ ಅನಿಸುತ್ತದೆ, ಬೆಟ್ಟಕ್ಕೂ ಕೆಳಗೆ ಕುಳಿತು ಕತ್ತೆತ್ತಿ ನೋಡುವವರು ಬೇಕು. ಮೇಲೆ ಹೋದವಳಿಗೂ, ತನಗಾಗಿ ಯಾರೋ ಕೆಳಗೆ ಕಾಯುತ್ತಿದ್ದಾರೆ ಎಂಬುದು ಬೇಕು. ಹಾಗೆಂದು ಹತ್ತಲಾಗದ ನೋವು ಪೂರ್ತಿ ಹೋಗಿದೆ ಎನ್ನಲಾರೆ. ಮಂಡಿ ಚಳುಕಿದಾಗ ಅದೂ ಜೊತೆಗೆ ಚಳುಕುತ್ತದೆ. ಆದರೆ ಈ ವಯಸ್ಸಿನಲ್ಲಿ ನನಗೆ ಹೊಸ ಗೆಳತಿಯೊಬ್ಬಳು ಸಿಕ್ಕಿದ್ದಾಳೆ. ನನಗಿಂತ ಹಿರಿಯಳು, ದಿನಕ್ಕೊಮ್ಮೆ ಫೋನು ಮಾಡಿ ಅಲ್ಲಿ ಚಳಿ ಎಷ್ಟು, ಚಹಾ ಹೇಗೆ, ದೋಣಿ ಅಲುಗಾಡುತ್ತದೆಯೇ ಎಂದು ವಿಚಾರಿಸುವವಳು.

ನೇಪಾಳ, ಭೂತಾನಿಗೆ ಬೇಡದಿದ್ದರೂ ಲಂಕೆಗೆ ಪಾಸ್‌ಪೋರ್ಟ್ ಬೇಕಲ್ಲ. ಮೊನ್ನೆ ಅಮ್ಮಿಯನ್ನು ಅದರ ಕಚೇರಿಗೆ ಕರೆದುಕೊಂಡು ಹೋಗಿದ್ದೆವು. ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ನೆಟ್ಟಗೆ ಕುಳಿತರು. ಕೌಂಟರಿನ ಹುಡುಗಿ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ಫೋಟೋದಾಗ ನಗಬಾರದ್ರಿ ಅಮ್ಮಾ.”

“ನಾ ಎಲ್ಲಿ ನಗ್ಲಾಕತ್ತೀನಿ?” ಎಂದರು ಅಮ್ಮಿ. “ಈಗೀಗ ನನ್ನ ಮುಖಾನೇ ಹಿಂಗ ಆಗ್ಯಾದ.”