ಮಾಸ್ತರು ಕಂಡ ಬಣ್ಣ

ಹಳೆಯ ಮಾನಿಟರು ಬಿಸಿಯಾದಾಗ ಅದರ ಬೆನ್ನಿನಿಂದ ಒಂದು ವಾಸನೆ ಬರುತ್ತದೆ. ಸುಟ್ಟ ಧೂಳು, ಸ್ವಲ್ಪ ಪ್ಲಾಸ್ಟಿಕ್ಕು, ಮಳೆಗಾಲದ ಬೂಷ್ಟು ಎಲ್ಲ ಸೇರಿದ ವಾಸನೆ. ಕಳೆದ ವಾರ ಗುಜರಿಯವನು ನನ್ನ ಅಂಗಡಿಗೆ ಬಂದವನು ಅಟ್ಟದ ಮೇಲಿದ್ದ ಡಬ್ಬಿಯಂಥ ಮಾನಿಟರನ್ನು ಇಳಿಸಿ, "ಇದು ನಡೀತದ ಅಕ್ಕ, ಬರೀ ಖಾಲಿ ಖೋಕಾನ?" ಎಂದು ಕೇಳಿದ. ನನಗೂ ಹಠ ಬಂತು. ಒರೆಸಿ, ವೈರು ಸಿಕ್ಕಿಸಿ, ಸ್ವಿಚ್ಚು ಹಾಕಿದೆ. ಪರದೆ ತನ್ನ ಹಳೆಯ ಚಾಳಿಯಂತೆ ಬೆಳಗುವುದಕ್ಕೆ ಪುರುಸೊತ್ತು ತೆಗೆದುಕೊಂಡಿತು. ಅದು ಬೆಳಗುವ ಮೊದಲೇ ಆ ವಾಸನೆ ಬಂತು, ವಾಸನೆಯ ಹಿಂದೆ ನಮ್ಮ ಡ್ರಾಯಿಂಗ್ ಮಾಸ್ತರು ಬಂದರು... ಕನ್ನಡಕವನ್ನು ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತವರು. ಗುಜರಿಯವನಿಗೆ ನಾಳೆ ಬಾ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಹೋದ.

ಕುಮಟೆ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ. ಮದುವೆ ಕಾಗದ, ಬ್ಯಾನರು, ದೋಣಿಗೆ ಅಂಟಿಸುವ ಹೆಸರು, ಮಸುಕಾದ ಫೋಟೋ ಸರಿಮಾಡುವುದು, ಇವೇ ನನ್ನ ಕೆಲಸ. ದಿನವಿಡೀ ಜನರ ಜೊತೆ ಬಣ್ಣದ ಜಗಳ. ಒಬ್ಬರಿಗೆ ಕೆಂಪು ಸಾಲದು, ಇನ್ನೊಬ್ಬರಿಗೆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಈ ಜಗಳದಲ್ಲಿ ನನಗೆ ಸಿಟ್ಟು ಬರದೇ ಇರುವುದಕ್ಕೆ ಕಾರಣ ಮಾಸ್ತರು.

ಹೊಳನಗದ್ದೆಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಅವರು ಧಾರೇಶ್ವರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಬೇರೆ ಶಾಲೆಯ ಡ್ರಾಯಿಂಗ್ ಮಾಸ್ತರುಗಳ ಕೈಬೆರಳಿಗೆ ಬಣ್ಣ ಮೆತ್ತಿರುತ್ತಿತ್ತು, ನಮ್ಮವರದ್ದಕ್ಕೆ ಪೆನ್ಸಿಲ್ಲಿನ ಕಪ್ಪು. ಒಂದು ತೆಂಗಿನಕಾಯಿಯನ್ನು ಮೇಜಿನ ಮೇಲಿಟ್ಟು ಅದರ ನೆರಳನ್ನೇ ವಾರಗಟ್ಟಲೆ ಬರೆಸುತ್ತಿದ್ದರು. ನಾವು ಬಣ್ಣದ ಪೆಟ್ಟಿಗೆ ತೆಗೆದರೆ, "ಬಣ್ಣ ಮನೆಗೆ ಹೋಗಿ ಬಳ್ಕಳಿ. ಇಲ್ಲಿ ಗೆರೆ ಕಲೀರಿ," ಎನ್ನುತ್ತಿದ್ದರು. ಒಮ್ಮೆ ಚೌತಿಯ ಮುನ್ನಾದಿನ ಶಾಲೆಯ ಗಣಪತಿಗೆ ಬಣ್ಣ ಹಚ್ಚುವವನಿಗೆ ಜ್ವರ ಬಂತು. ಹೆಡ್‌ಮಾಸ್ತರರು ಇವರ ಕೈಗೇ ಕುಂಚ ಕೊಟ್ಟರು. ಮಾಸ್ತರು ಕಪ್ಪಿನಲ್ಲಿ ಕಣ್ಣು ಹುಬ್ಬು ಎಷ್ಟು ಚೆನ್ನಾಗಿ ತಿದ್ದಿದರೆಂದರೆ ಗಣಪತಿ ನಮ್ಮನ್ನೇ ನೋಡಿದಂತಾಯಿತು. ಪೀತಾಂಬರದ ಕೆಂಪಂಚಿನ ಸರದಿ ಬಂದಾಗ ಮಾತ್ರ ಹೊಟ್ಟೆನೋವೆಂದು ಹೊಟ್ಟೆ ಹಿಡಿದುಕೊಂಡು ಸೈಕಲ್ಲು ಹತ್ತಿದರು. ಮಾಸ್ತರಿಗೆ ಸೋಮಾರಿತನ ಎಂದು ನಾವು ಮಾತಾಡಿಕೊಂಡೆವು.

ಆಮೇಲೆ ಎಷ್ಟೋ ವರ್ಷ ಅವರನ್ನು ಕಂಡಿರಲಿಲ್ಲ. ನಾನು ಅಂಗಡಿ ಹಾಕಿ ಸ್ವಲ್ಪ ಕಾಲವಾದ ಮೇಲೆ ಒಂದು ಮಧ್ಯಾಹ್ನ ಬಂದು ನಿಂತರು. ನಿವೃತ್ತಿಯಾಗಿತ್ತು. ಅಂಗಿ ಮಾತ್ರ ಎಂದಿನಂತೆ ಅಚ್ಚುಕಟ್ಟು.

"ತಂಗಿ, ಇದ್ರಲ್ಲಿ ಚಿತ್ರ ತೆಗೀಲಿಕ್ಕೆ ಬರ್ತದಂತಲ. ನಂಗೊಂಚೂರು ಕಲಿಸ್ತ್ಯ?"

ಕಲಿಸಿದವರೇ ಕಲಿಸು ಎಂದು ಬಂದರೆ ಯಾರಿಗೆ ಹಿಗ್ಗಾಗುವುದಿಲ್ಲ. ಊಟದ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಆಗ ಬನ್ನಿ ಎಂದೆ. ಮೌಸು ಹಿಡಿಯುವುದು ಅವರಿಗೆ ಮೊದಮೊದಲು ಜಾರುವ ಸೋಪು ಹಿಡಿದಂತಾಗಿತ್ತು. ಕೈ ಪಳಗಿದ ಮೇಲೆ ಗೆರೆ ಅವರ ಮಾತು ಕೇಳತೊಡಗಿತು. ತಪ್ಪಿದ್ದನ್ನು ಹಿಂದಕ್ಕೆ ಪಡೆಯುವ ಗುಂಡಿ ತೋರಿಸಿದಾಗ ಮಾತ್ರ ಅವರಿಗೆ ಸಿಟ್ಟೇ ಬಂತು. "ಹಿಂಗಾದ್ರೆ ಮಕ್ಳು ಗೆರೆ ಕಲಿಯೂದು ಯಾವಾಗ?" ಎಂದರು. ಎರಡು ದಿನ ಬಿಟ್ಟು ಎಲ್ಲರಿಗಿಂತ ಹೆಚ್ಚು ಆ ಗುಂಡಿ ಒತ್ತಿದವರೂ ಅವರೇ.

ಒಂದು ದಿನ ಬಣ್ಣದ ಕಿಟಕಿ ತೆರೆದು ತೋರಿಸಿದೆ. ಅದರಲ್ಲೊಂದು ಪಟ್ಟಿ. ಎಳೆಯುತ್ತ ಹೋದರೆ ಹಸಿರು ಹಳದಿಯಾಗಿ, ಕೇಸರಿಯಾಗಿ, ಕೆಂಪಾಗುತ್ತದೆ. ಅದನ್ನು ಅವರ ಕೈಗೆ ಕೊಟ್ಟು ನಾನು ಬ್ಯಾನರಿನ ಕೆಲಸಕ್ಕೆ ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ ಮಾಸ್ತರು ಕರೆದರು.

"ಇದು ಕೆಟ್ಟದ್ಯನೆ? ಎಷ್ಟು ಎಳದ್ರೂ ಎಂತದೂ ಆಗೂದಿಲ್ಲ ಇದು."

ನೋಡಿದರೆ ಪರದೆಯ ಮೇಲೆ ಎಲೆ ಹಸಿರು ಇದ್ದದ್ದು ಕೆಂಡದ ಬಣ್ಣಕ್ಕೆ ಬಂದು ನಿಂತಿತ್ತು. ನಾನು ನಕ್ಕೆ. "ಚೇಷ್ಟೆ ಮಾಡ್ತ್ರ ಮಾಸ್ತರೆ?" ಎಂದೆ. ಅವರು ನಗಲಿಲ್ಲ. ಪಟ್ಟಿಯನ್ನು ಮತ್ತೆ ಆ ತುದಿಗೆ, ಮತ್ತೆ ಈ ತುದಿಗೆ ಎಳೆದರು. ನನ್ನ ಮುಖ ನೋಡಿದರು. ಆಗ ನನಗೆ ತೆಂಗಿನಕಾಯಿ, ಪೆನ್ಸಿಲ್ಲು, ಗಣಪತಿ, ಹೊಟ್ಟೆನೋವು ಎಲ್ಲ ಒಟ್ಟಿಗೇ ಅರ್ಥವಾಯಿತು.

ಅವರಿಗೆ ಕೆಂಪು ಹಸಿರು ಎರಡೂ ಒಂದೇ. ಹುಟ್ಟಿನಿಂದ ಹಾಗೆ. ಗೊತ್ತಾದರೆ ನೌಕರಿ ಹೋಗುತ್ತದೆ ಎಂದು ಮೊದಲು ಹೆದರಿಕೆ, ಆಮೇಲೆ ಮುಚ್ಚಿಡುವುದೇ ರೂಢಿಯಾಯಿತಂತೆ. ಜಗತ್ತಿನಲ್ಲಿ ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಮದುವೆಯಾದ ಹೊಸತರಲ್ಲಿ ಮಾಸ್ತರು ಭಟ್ಕಳದ ಪೇಟೆಗೆ ಹೋಗಿ, ಹೆಂಡತಿ ಆಸೆಪಟ್ಟ ಹಸಿರು ಸೀರೆಯೆಂದು ಇಟ್ಟಿಗೆಗೆಂಪಿನದನ್ನು ತಂದಿದ್ದರು. ಆಕೆ ಏನೂ ಹೇಳದೆ ಉಟ್ಟುಕೊಂಡರು. "ಹಸಿರು ನಿಂಗೆ ಒಪ್ತದೆ" ಎಂದು ಇವರು ಹೊಗಳಿದಾಗ ಆಕೆಗೆ ತಿಳಿಯಿತು. ಅಂದಿನಿಂದ ಬಣ್ಣದ ಬಾಟಲಿಗಳಿಗೆ ಹೆಸರು ಬರೆದು ಅಂಟಿಸಿದವರು, ಬೆಳಿಗ್ಗೆ ಅಂಗಿ ಆರಿಸಿಟ್ಟವರು, ಪೇಟೆಯಲ್ಲಿ ಟೊಮೆಟೊ ಹಣ್ಣೋ ಕಾಯಿಯೋ ಎಂದು ಪಿಸುಗುಟ್ಟಿದವರು ಎಲ್ಲ ಆಕೆಯೇ.

ಇದನ್ನೆಲ್ಲ ಈಗ ಬರೆಯಬಹುದೇ ಎಂದು ಮೊನ್ನೆ ಆಕೆಯನ್ನೇ ಕೇಳಿದೆ. "ಬರಿ. ಇನ್ನು ಅವ್ರನ್ನ ನೌಕರಿಂದ ತೆಗ್ಯೂದ್ಯಾರು?" ಎಂದರು.

ಅಂದು ಮಾಸ್ತರು ತಮ್ಮ ಆಸೆಯನ್ನೂ ಹೇಳಿದರು. "ಅವ್ಳು ಮದ್ವೆ ಆದಾಗಿಂದ ಕೇಳ್ತಿದ್ದಾಳೆ, ನಂದೊಂದು ಚಿತ್ರ ಬಣ್ಣದಲ್ಲಿ ಮಾಡ್ಕೊಡಿ ಅಂತ. ನಾನು ಪೆನ್ಸಿಲಲ್ಲೇ ತಳ್ಳಿದೆ. ಒಂದಾರೂ ಯಾರನ್ನೂ ಕೇಳದೆ ಮಾಡ್ಬೇಕು. ಅವ್ಳು ನೋಡಿ ಒಂದು ತಪ್ಪೂ ಹೇಳ್ಬಾರ್ದು. ಬಣ್ಣ ಸರಿ ತಪ್ಪು ಅಂತ ನೀನೂ ಬಾಯಿ ಬಿಡೂಕಿಲ್ಲ, ಆತ?"

ಆತು ಎಂದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಭಾವವಲ್ಲ. ಆ ದಿನಗಳಲ್ಲಿ ಪಟ್ಟ ಕಷ್ಟ ನನಗೇ ಗೊತ್ತು.

ಕಂಪ್ಯೂಟರಿಗೆ ಬಣ್ಣವೆಂದರೆ ಮೂರು ಸಂಖ್ಯೆ. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಚಿತ್ರದ ಯಾವ ಜಾಗದ ಮೇಲಾದರೂ ಸೂಜಿಯಂಥ ಗುರುತನ್ನಿಟ್ಟು ಒತ್ತಿದರೆ ಆ ಜಾಗದ ಸಂಖ್ಯೆ ಹೇಳುತ್ತದೆ. ಇದನ್ನು ತೋರಿಸಿದ ದಿನ ಮಾಸ್ತರು ಊಟಕ್ಕೆ ಹೋಗಲಿಲ್ಲ. ಗೋಡೆಯ ಕ್ಯಾಲೆಂಡರು, ನನ್ನ ಬಳೆ, ಚಹಾ ಎಲ್ಲವನ್ನೂ ಸ್ಕ್ಯಾನ್ ಮಾಡಿ ನೋಡಬೇಕೆಂದರು. ಚಹಾ ಬೇಡವೆಂದು ತಡೆದೆ.

ಮರುದಿನ ಮದುವೆಯ ಹೊಸತರಲ್ಲಿ ಹೆಂಡತಿಯನ್ನು ಕೂರಿಸಿ ಬರೆದ ಪೆನ್ಸಿಲ್ ಚಿತ್ರ ತಂದರು. ಎಳೆಯ ಮುಖ, ಹಣೆಯಲ್ಲಿ ದೊಡ್ಡ ಕುಂಕುಮ, ತುರುಬಿಗೆ ಕನಕಾಂಬರದ, ನಮ್ಮ ಕಡೆ ಹೇಳುವ ಅಬ್ಬಲಿಗೆಯ, ದಂಡೆ. ಅದನ್ನು ಸ್ಕ್ಯಾನ್ ಮಾಡಿ ಪರದೆಗೆ ತಂದೆವು. ಅಲ್ಲಿಂದ ಅವರ ಚೀಲದಲ್ಲಿ ದಿನಕ್ಕೊಂದು ಸಾಮಾನು. ಮನೆಯಿಂದ ಕದ್ದು ತಂದ ಸೀರೆ, ಹೆಂಡತಿಯದೊಂದು ಬಣ್ಣದ ಫೋಟೋ, ಕಾಗದದ ಪೊಟ್ಟಣದಲ್ಲಿ ಕುಂಕುಮ, ಅಬ್ಬಲಿಗೆ, ಅದರ ಜೊತೆ ಕಟ್ಟುವ ಹಸಿರು ಸೊಪ್ಪು. ಕುಂಕುಮ ಸ್ಕ್ಯಾನರಿನ ಗಾಜಿನ ಮೇಲೆ ಚೆಲ್ಲಿ, ವಾರಗಟ್ಟಲೆ ನನ್ನ ಗಿರಾಕಿಗಳ ದಾಖಲೆಗಳೆಲ್ಲ ಮುತ್ತೈದೆಯರಾದವು. ತುಟಿಗೆಂದು ಒಂದು ದಿನ ತೊಂಡೆಹಣ್ಣು ತಂದರು. ತುಟಿ ತೊಂಡೆಹಣ್ಣಿನಂತೆ ಎಂದು ಪುಸ್ತಕದಲ್ಲಿ ಓದಿದ್ದರಂತೆ. ಹೆಂಡತಿಯ ಫೋಟೋದ ತುಟಿಯ ಸಂಖ್ಯೆಗೂ ತೊಂಡೆಹಣ್ಣಿನ ಸಂಖ್ಯೆಗೂ ಹೋಲಿಸಿ ನೋಡಿ, "ಎಂತ ಸುಳ್ಳು ಬರೀತಾರೆ ಮಾರಾಯ್ತಿ," ಎಂದರು.

ಅವರು ಕೇಳುತ್ತಿದ್ದ ಪ್ರಶ್ನೆಗಳನ್ನು ನನಗೆ ಇಂದಿಗೂ ಬಿಡಿಸಲಾಗಿಲ್ಲ. ಬೆಳಿಗ್ಗೆ ಕಿತ್ತ ಅಬ್ಬಲಿಗೆಯ ಸಂಖ್ಯೆ ಸಂಜೆಗೆ ಬೇರೆಯಾಗಿತ್ತು. ಒಂದೇ ಎಸಳಿನ ತುದಿಗೊಂದು, ಬುಡಕ್ಕೊಂದು. "ಹಂಗಾರೆ ನೀವೆಲ್ಲ ಅಬ್ಬಲಿಗೆ ಬಣ್ಣ ಅಂತ ಹೇಳೂದು ಯಾವ್ದಕ್ಕೆ?" ಬಣ್ಣ ಕಾಣುವ ನಾವು ಸರಿಯಾಗಿ ನೋಡಿರುವುದೇ ಇಲ್ಲವೇನೋ ಎಂದು ಆಗ ಮೊದಲ ಸಲ ಅನ್ನಿಸಿತು...

ಬಣ್ಣದ ಒಳಗೆ ನೆರಳು ಹೇಗೆ ತರುವುದೆಂಬ ಚಿಂತೆ ನನಗಿತ್ತು. ಅವರಿಗಿರಲಿಲ್ಲ. ಮೂರೂ ಸಂಖ್ಯೆಯನ್ನು ಒಂದೇ ಪ್ರಮಾಣದಲ್ಲಿ ಇಳಿಸಿದರೆ ಅದೇ ಬಣ್ಣ ಕಪ್ಪಾಗುತ್ತದೆ ಎಂದು ಅವರೇ ಕಂಡುಕೊಂಡರು. ಎಷ್ಟು ಇಳಿಸಬೇಕೆಂಬುದು ತೆಂಗಿನಕಾಯಿ ಬರೆದ ಕೈಗೆ ಗೊತ್ತಿತ್ತು. ಕೆನ್ನೆ ದುಂಡಗಾಯಿತು, ಸೆರಗಿಗೆ ಮಡಿಕೆ ಬಂತು. ನಾನು ನೋಡುತ್ತಿದ್ದಂತೆ ಹೆಂಗಸೊಬ್ಬಳು ಪೆನ್ಸಿಲ್ಲಿನ ಬೂದಿಯೊಳಗಿಂದ ಎದ್ದು ಬಂದಳು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ತುಂಬಿತು. ಚೆನ್ನಾಗಿದೆ ಎಂದು ಹೇಳುವ ಹಾಗೂ ಇರಲಿಲ್ಲ.

ಚಿತ್ರ ಮುಗಿದ ಮೇಲೂ ಅವರು ಎದ್ದು ಹೋಗಲಿಲ್ಲ. ಕೆಂಪಿನ ಸಂಖ್ಯೆ, ಹಸಿರಿನ ಸಂಖ್ಯೆ ಎರಡನ್ನೂ ಸಮ ಮಾಡಿದರೆ ಏನಾಗುತ್ತದೆ ಎಂದು ಕೇಳಿದರು. ಕೆಂಪು ಹಸಿರಿನ ವ್ಯತ್ಯಾಸವೇ ಉಳಿಯುವುದಿಲ್ಲ ಎಂದೆ. ಚಿತ್ರದ ಇನ್ನೊಂದು ಪ್ರತಿ ತೆಗೆದು ಒಂದೊಂದೇ ಬಣ್ಣವನ್ನು ಹಾಗೆ ಮಾಡುತ್ತ ಹೋದರು. ನಾನು ಗಿರಾಕಿಯನ್ನು ಕಳಿಸಿ ಬರುವಷ್ಟರಲ್ಲಿ ಮುಗಿಸಿದ್ದರು. ಕುಂಕುಮ ಕೆಸರಿನ ಬೊಟ್ಟಾಗಿತ್ತು. ಅಬ್ಬಲಿಗೆ ಯಾವುದು, ಸೊಪ್ಪು ಯಾವುದು ತಿಳಿಯುತ್ತಿರಲಿಲ್ಲ. ಇಡೀ ಮುಖ ಒಣಹುಲ್ಲಿನ ಬಣ್ಣ.

"ಎಂತಾರೂ ಬದ್ಲಾತನೆ?" ಎಂದು ಕೇಳಿದರು. ಆತು ಎಂದೆ.

"ನಂಗೆ ಎರಡೂ ಹೆಚ್ಚುಕಮ್ಮಿ ಒಂದೇ ಕಾಣ್ತದೆ." ಪರದೆಯನ್ನೇ ನೋಡುತ್ತ, "ಹಂಗಾರೆ ಇದು ನಾ ಕಾಂಬೂದು," ಎಂದರು. ಬೇಸರವಿರಲಿಲ್ಲ ಆ ದನಿಯಲ್ಲಿ. ಹೊಸ ಊರು ಕಂಡವರ ದನಿ ಅದು.

ಕೆಲವು ದಿನ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮೊದಲ ಚಿತ್ರ ತೆರೆದು ತಾವು ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತರು. ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗರ ಹಾಗೆ ಕೈ ಹಿಸುಕಿಕೊಳ್ಳುತ್ತಿದ್ದರು. ಆಕೆ ಬಹಳ ಹೊತ್ತು ನೋಡಿದರು. ಕುಂಕುಮ ನೋಡಿದರು, ಸೆರಗಿನ ಅಂಚು ನೋಡಿದರು. ತಮ್ಮ ಕೈಯನ್ನು ಪರದೆಯ ಪಕ್ಕ ಹಿಡಿದು ಮೈಬಣ್ಣ ಹೋಲಿಸಿದರು.

"ಯಾರು ಹೇಳ್ಕೊಟ್ಟದ್ದು?" ಎಂದು ನನ್ನನ್ನು ಕೇಳಿದರು. ನಾನು ಬಾಯಿಯ ಮೇಲೆ ಕೈಯಿಟ್ಟು ಯಾರೂ ಇಲ್ಲವೆಂದು ತಲೆಯಾಡಿಸಿದೆ. ಆಗ ಬಾಗಿಲ ಕಡೆ ತಿರುಗಿ, "ಒಂದೂ ತಪ್ಪಿಲ್ಲ," ಎಂದರು. ಮಾಸ್ತರು ಬೀದಿಯನ್ನೇ ನೋಡುತ್ತಿದ್ದರು. ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಅವರೇ ಬಂದು ಎರಡನೆಯ ಚಿತ್ರ ತೆರೆದರು. "ಇದು ನಾ ಕಾಂಬೂದು," ಎಂದರು. ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನ್ನಿಸಿತು. ಆಕೆ ಪರದೆಯತ್ತ ಬಾಗಿದರು. ತುರುಬಿನ ಹತ್ತಿರ ಬೆರಳಿಟ್ಟು ಏನನ್ನೋ ಹುಡುಕಿದರು.

"ದಿನಾ ಹೂ ಮುಡ್ದು ಬಂದು ಕೇಳ್ತಿದ್ನಲ, ಚಂದ ಕಾಣ್ತದ ಅಂತ. ಎಂತ ನೋಡಿ ಹೌದು ಅಂತಿದ್ರಿ?"

"ಮೋರೆ ಕಾಣ್ತಿತ್ತಲ," ಎಂದರು ಮಾಸ್ತರು.

ಮೊದಲ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರು. ಆಮೇಲೂ ಮಾಸ್ತರು ಆಗಾಗ ಬರುತ್ತಿದ್ದರು. ಹೊನ್ನಾವರದ ಶರಾವತಿ ಸೇತುವೆ, ಮಂಕಿಯ ದೋಣಿಗಳು... ಎಲ್ಲ ಬಣ್ಣದಲ್ಲಿ. ಮೊಣಕಾಲು ನೋವು ಹೆಚ್ಚಾದ ಮೇಲೆ ಬರುವುದು ನಿಂತಿತು. ನಾನೇ ಹೋಗಿ ನೋಡಿ ಬರಬೇಕೆಂದುಕೊಂಡು ಮದುವೆ ಸೀಜನ್ ಕಳೆಯಲಿ, ಇನ್ನೊಂದು ಸೀಜನ್ ಕಳೆಯಲಿ ಎನ್ನುತ್ತಿದ್ದೆ. ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ಒಬ್ಬರೇ ಬಂದರು. ಗೋಡೆಗೆ ಹಾಕಲು ಮಾಸ್ತರ ಫೋಟೋ ದೊಡ್ಡದು ಮಾಡಬೇಕಿತ್ತು. ಇಂಥ ಫೋಟೋಗಳಿಗೆ ನಾವು ಮಾಡುವುದನ್ನೆಲ್ಲ ಮಾಡಿದೆ. ಮುಖ ಬೆಳಗಿಸಿದೆ, ಅಂಗಿಯ ಕಲೆ ತೆಗೆದೆ, ಹಿಂದೆ ನೀಲಿ ಆಕಾಶ ಕೂರಿಸಿದೆ. ಆಕೆ ನೋಡಿ ತಲೆಯಲ್ಲಾಡಿಸಿದರು.

"ಚಂದ ಇದೆ. ಆದ್ರೆ ಅವ್ರು ಕನ್ನಡೀಲಿ ಈ ಬಣ್ಣದ ಮೋರೆ ಕಂಡವ್ರೇ ಅಲ್ಲ. ಅವತ್ತು ನಂದು ಎರಡ್ನೇದು ಮಾಡಿದ್ರಲ, ಹಂಗೆ ಮಾಡ್ಕೊಡು."

ಈಗಿನ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಆದರೂ ನಾನು ಕೆಂಪನ್ನೂ ಹಸಿರನ್ನೂ ಒಂದೊಂದೇ ಕಡೆ ಸಮ ಮಾಡುತ್ತ ಹೋದೆ, ಮಾಸ್ತರು ಮಾಡಿದಂತೆ. ಅಂಗಿ ಮಣ್ಣಿನ ಬಣ್ಣಕ್ಕೆ ಬಂತು, ಮುಖ ಒಣಹುಲ್ಲಿನ ಬಣ್ಣಕ್ಕೆ. ಜನ ಬಣ್ಣ ಹಾರಿದೆ ಎನ್ನುತ್ತಾರೆ ಎಂದೆ. ಅನ್ನಲಿ ಎಂದರು.

ಪ್ರಿಂಟು ಒಣಗಲೆಂದು ಕಾಯುತ್ತಿದ್ದಾಗ ಆಕೆ ಮೆಲ್ಲಗೆ ಹೇಳಿದರು: "ಈಗ್ಲೂ ಪೇಟೆಗೆ ಬಂದ್ರೆ ಬಾಯಿಗೆ ಬಂದ್ಬಿಡ್ತದೆ ತಂಗಿ. ಇದು ಹಣ್ಣು, ಇದು ಕಾಯಿ ಅಂತ. ಹೇಳಿ ಪಕ್ಕ ನೋಡ್ತೆ."